ಎರಡನೆಯ ಒಂದು ಇಪ್ಪತ್ತು

ಮೇದಿನಿಗೆ ಒಂದು ಗಂಟೆಯ ಕೂಲಿ ಬರಬೇಕಿದೆ. ನೂರ ಹತ್ತು ರೂಪಾಯಿ. ಕೊಡಬೇಕಾದದ್ದು ವಡೋದರಾದ ಆಲ್ಕಾಪುರಿಯಲ್ಲಿ ನಾಲ್ಕನೆಯ ಮಹಡಿಯಲ್ಲಿರುವ ಒಂದು ಕಂಪನಿ. ಐವತ್ತು ಸಾವಿರ ಬೇಕಾದರೆ ಈಗಲೇ ಕೊಡುತ್ತೇವೆ, ಆ ನೂರ ಹತ್ತು ಮಾತ್ರ ಕೇಳಬೇಡ ಅನ್ನುತ್ತಿದೆ ಕಂಪನಿ. ಅಂಥ ಗಂಟೆಯೇ ಇರಲಿಲ್ಲವಂತೆ.

ಮೇದಿನಿಯ ಮನೆತನ ಗದಗಿನದು. ಅಪ್ಪ ರೈಲ್ವೆಯವನಾದ್ದರಿಂದ ಅವಳು ಬೆಳೆದದ್ದು ವಡೋದರಾದ ಕ್ವಾರ್ಟರ್ಸಿನಲ್ಲಿ, ಗುಜರಾತಿ ಕಲಿತದ್ದು ಅಲ್ಲಿಯ ನಲ್ಲಿ ಸಾಲಿನ ಜಗಳಗಳಲ್ಲಿ. ಆ ಗುಜರಾತಿಯಿಂದಲೇ ಅವಳಿಗೆ ಈ ಕೆಲಸ ಸಿಕ್ಕಿತು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಒಂಟಿಯಾಗಿರುವ ಗುಜರಾತಿ ಮುದುಕರ ಮನೆಗಳಿಗೆ ಮೈಕು, ಸ್ಪೀಕರು ಇರುವ ಕ್ಯಾಮೆರಾ ಹಾಕಿರುತ್ತಾರೆ. ಅವರು ಮಲಗಿದ ಮೇಲೆ ಇಲ್ಲಿ ಕೂತು ಕಾಯಬೇಕು. ಯಾರಾದರೂ ಬಿದ್ದರೆ, ಬಾಗಿಲು ತೆಗೆದರೆ, ಆ ಊರಿನಲ್ಲೇ ಇರುವ ಸಹಾಯಕಿಗೆ ಫೋನ್ ಮಾಡಬೇಕು. ಅವಳು ಕಾರು ಹತ್ತಿ ಬರಬೇಕು. ಚಿತ್ರ ಉಳಿಸಿಕೊಳ್ಳುವ ಹಾಗಿಲ್ಲ, ಮುದುಕರ ಮಾನದ ಪ್ರಶ್ನೆ. ಉಳಿಯುವುದು ಕಂಪ್ಯೂಟರಿನ ಹಾಳೆಯಲ್ಲಿ ಕಾವಲಿನವರು ಬರೆದ ಸಾಲುಗಳು ಮಾತ್ರ.

ಆ ಹಾಳೆಯಲ್ಲಿ ನಮ್ಮ ಸಮಯ ಬರೆಯುವಂತಿಲ್ಲ. ಹಿಂದೆ ಯಾರೋ ಇಲ್ಲಿಯ ಗಂಟೆ, ಅಲ್ಲಿಯ ಗಂಟೆ ಕಲಸಿಬಿಟ್ಟು ಒಬ್ಬ ಮುದುಕನಿಗೆ ಎರಡು ಸಲ ಗುಳಿಗೆ ನುಂಗಿಸಿದ್ದರಂತೆ. ಅಂದಿನಿಂದ ಕಟ್ಟಪ್ಪಣೆ: ಬರೆಯುವುದೆಲ್ಲ ಲೆಸ್ಟರ್ ಸಮಯ. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳು ಮೇದಿನಿಯೇ. ಮುಳ್ಳಿನ ಕೈಗಡಿಯಾರ ಬಿಚ್ಚಿ ತಲೆಕೆಳಗು ಹಿಡಿಯುತ್ತಿದ್ದಳು. "ನೋಡ್ರಿ, ಚಳಿಗಾಲದಾಗ ಇದ ಲೆಸ್ಟರ್ ಟೈಮು. ಸಣ್ಣ ಮುಳ್ಳು ಚೂರು ವಾರೆ ಇರತೈತಿ, ಬಿಡ್ರಿ. ಬ್ಯಾಸಿಗಿಯಾಗ ಅವರು ಗಡಿಯಾರ ಒಂದು ತಾಸು ಮುಂದ ದಬ್ಬತಾರ. ಆಗ ಇದಕ್ಕ ಒಂದು ಕೂಡಸ್ರಿ."

ಪಕ್ಕದ ಕುರ್ಚಿಯ ಸಂದೀಪ್ ಮಂಡ್ಯದವನು. ಅಪ್ಪ ಬ್ಯಾಂಕಿನವನು, ವರ್ಗವಾಗಿ ಬಂದು ಇಲ್ಲೇ ನಿಂತವನು. ಹನ್ನೊಂದನೆಯ ಮನೆಯ ಪರದೆ ಮಿಣುಕಿದರೆ ಸಾಕು, "ಅಕ್ಕೋ, ನಿಮ್ ಅತ್ತೆ ಎದ್ರು, ಹಾಜರಿ ಹೇಳಿ" ಅನ್ನುತ್ತಿದ್ದ.

ಹನ್ನೊಂದನೆಯ ಮನೆ ಕಂಚನ್‌ಬಾದು. ಬಾ ಅಂದರೆ ಅಲ್ಲಿ ಅಜ್ಜಿ, ಅವ್ವ ಎಲ್ಲ. ದಿನವೂ ಒಂದು ಹೊತ್ತಿನಲ್ಲಿ ಎದ್ದು ಕೂರುತ್ತಿದ್ದಳು. ಕ್ಯಾಮೆರಾದ ಕಡೆ ನೋಡಿ ಕೇಳುತ್ತಿದ್ದಳು: "ಕೇಟಲಾ ವಾಗ್ಯಾ, ದೀಕರಿ?" ಎಷ್ಟಾಯಿತು ಗಂಟೆ, ಮಗಳೇ. ಮೇದಿನಿ ಗಡಿಯಾರ ತಿರುಗಿಸಿ ಹೇಳುತ್ತಿದ್ದಳು. ಮುದುಕಿ ಮಲಗುತ್ತಿದ್ದಳು. ಅವರಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ.

ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿಯವರು ಮುಂದೆ ದಬ್ಬಿದ್ದ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತಾರೆ. ಎರಡು ಗಂಟೆಯಾಗುತ್ತಲೇ ಮತ್ತೆ ಒಂದು ಗಂಟೆ. ಒಂದರಿಂದ ಎರಡರವರೆಗಿನ ಹೊತ್ತು ಎರಡು ಸಲ ಬರುತ್ತದೆ. ನಮ್ಮಲ್ಲಿ ಮೊದಲನೆಯದು ನಸುಕಿನ ಐದೂವರೆಯಿಂದ ಆರೂವರೆ, ಎರಡನೆಯದು ಆರೂವರೆಯಿಂದ ಏಳೂವರೆ. ಆ ವರ್ಷ ಅದೇ ಭಾನುವಾರ ಲಾಭ ಪಂಚಮಿ. ದೀಪಾವಳಿಗೆ ಮುಚ್ಚಿದ ಅಂಗಡಿಗಳನ್ನು ಗುಜರಾತಿಗಳು ಮುಹೂರ್ತ ನೋಡಿ ತೆರೆಯುವ ದಿನ.

ಐದು ಐವತ್ತಕ್ಕೆ ಕಂಚನ್‌ಬಾ ಎದ್ದಳು.

"ಕೇಟಲಾ ವಾಗ್ಯಾ, ದೀಕರಿ?"

ಮೇದಿನಿ ಗಡಿಯಾರ ತಿರುಗಿಸಿದಳು, ಒಂದು ಕೂಡಿಸಿದಳು. "ಒಂದು ಇಪ್ಪತ್ತು, ಬಾ."

ಮುದುಕಿ ಮಲಗಲಿಲ್ಲ. "ಈವತ್ತು ಒಂದು ಗಂಟೆ ಹೆಚ್ಚಿಗೆ ಸಿಗುತ್ತದಂತೆ. ಮೊಮ್ಮಗ ಹೇಳಿದ" ಅಂದಳು. ಆಮೇಲೆ, ಯಾರೋ ಹೊರಗಿನಿಂದ ಕರೆದ ಹಾಗೆ ತಲೆ ಎತ್ತಿ, ಹೊದಿಕೆ ಮಡಿಸಿಟ್ಟು, ಚಪ್ಪಲಿ ಮೆಟ್ಟಿದಳು. ಅಡುಗೆಮನೆ ದಾಟಿದಳು. ಹಿತ್ತಲ ಬಾಗಿಲು ತೆರೆದುಕೊಂಡಿತು. ಹಿತ್ತಲಿಗೆ ಕ್ಯಾಮೆರಾ ಇಲ್ಲ. ಮೇದಿನಿ ಕೂಗಿದಳು, ಕಾದಳು, ಮತ್ತೆ ಕೂಗಿದಳು. ಆರು ಐದಕ್ಕೆ, ಅಂದರೆ ಅಲ್ಲಿಯ ಒಂದು ಮೂವತ್ತೈದಕ್ಕೆ, ಸಹಾಯಕಿಗೆ ಫೋನ್ ಮಾಡಿದಳು. ನಿದ್ದೆಗಣ್ಣಿನ ದನಿ "ಹೊರಟೆ" ಅಂದಿತು. ಮೇದಿನಿ ಹಾಳೆಯಲ್ಲಿ ಬರೆದಳು: ೧.೩೫, ಹೊರಗೆ ಹೋದರು, ಫೋನ್ ಮಾಡಿದೆ.

ಆರೂವರೆಗೆ ಪರದೆಯ ಮೂಲೆಯ ಅಂಕಿ ಎರಡಾಗಲಿಲ್ಲ. ಒಂದಾಯಿತು. ಅದೇ ಹೊತ್ತಿಗೆ ಮೇಲ್ವಿಚಾರಕ ಹಿತೇನ್‌ಭಾಯ್ ಮುಹೂರ್ತದ ಪೂಜೆಗೆಂದು ಇಸ್ತ್ರಿ ಮಾಡಿದ ಕುರ್ತಾದಲ್ಲಿ ಬಂದ. ಕಂಪ್ಯೂಟರುಗಳಿಗೆಲ್ಲ ಕುಂಕುಮ ಇಟ್ಟ. ಮೇದಿನಿಯ ಕೈಯಲ್ಲಿ ಪೇಡಾ ಇಟ್ಟ. ಹನ್ನೊಂದನೆಯ ಮನೆಯ ವಿಷಯ ಹೇಳಿದರೆ, "ಸಹಾಯಕಿ ಹೊರಟಿದ್ದಾಳಲ್ಲ, ಮೇದಿನಿಬೆನ್, ಬಾಯಿ ಸಿಹಿ ಮಾಡಿ" ಅಂದ.

ಆರು ಐವತ್ತಕ್ಕೆ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಹನ್ನೊಂದನೆಯ ಪರದೆ ಮಿಣುಕಿತು.

ಕಂಚನ್‌ಬಾ ಹಾಸಿಗೆಯ ಮೇಲೆ ಕೂತಿದ್ದಳು.

"ಕೇಟಲಾ ವಾಗ್ಯಾ, ದೀಕರಿ?"

ಸಹಾಯಕಿ ಬಂದು ಕರೆತಂದಿರಬೇಕು ಅಂದುಕೊಂಡಳು ಮೇದಿನಿ. ಗಡಿಯಾರ ತಲೆಕೆಳಗು ಮಾಡಿದಳು. ಇನ್ನು ಒಂದು ಕೂಡಿಸುವ ಹಾಗಿಲ್ಲ. "ಒಂದು ಇಪ್ಪತ್ತು, ಬಾ."

ಮುದುಕಿ ಕ್ಯಾಮೆರಾವನ್ನೇ ನೋಡಿದಳು. ಸೆರಗಿನ ಅಂಚು ಒದ್ದೆಯಾಗಿತ್ತು.

"ಆಗಲೂ ಅದನ್ನೇ ಹೇಳಿದೆಯಲ್ಲ" ಅಂದಳು. "ಇನ್ನೂ ಅಷ್ಟೇ ಆಗಿದೆಯಾ?"

ಮಲಗಿದಳು. ಗೋಡೆಯ ಕಡೆ ತಿರುಗಿದಳು. ಮೇದಿನಿ ಬರೆದಳು: ೧.೨೦, ಹಾಸಿಗೆಯಲ್ಲಿದ್ದಾರೆ, ಎಲ್ಲ ಸರಿ.

ಏಳು ಇಪ್ಪತ್ತಕ್ಕೆ ಸಹಾಯಕಿಯ ಫೋನ್ ಬಂತು. ಅಲ್ಲಿಯ ಒಂದು ಐವತ್ತು. ಈಗ ತಾನೆ ಬಂದೆ ಅಂದಳು. ಮುದುಕಿ ಹಿತ್ತಲ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಾಳೆ, ಮೈ ತಣ್ಣಗಾಗಿದೆ. ಮೇದಿನಿ ಪರದೆ ನೋಡಿದಳು. ಹಾಸಿಗೆ ಖಾಲಿ. ಹೊದಿಕೆ ಮಡಿಸಿಟ್ಟ ಹಾಗೆಯೇ ಇತ್ತು.

ಪ್ರಾಣ ಹೋಗಿ ಒಂದು ಗಂಟೆಗೂ ಮೇಲಾಗಿದೆ ಅಂದ ಡಾಕ್ಟರು.

ಬುಧವಾರ ಹಿತೇನ್‌ಭಾಯ್ ಮೇದಿನಿಯನ್ನು ಕರೆದು ಹಾಳೆ ತೋರಿಸಿದ. ಬರೆದ ಸಾಲುಗಳನ್ನು ಗಂಟೆಯ ಪ್ರಕಾರ ಜೋಡಿಸುವುದು ಕಂಪ್ಯೂಟರಿನ ಕೆಲಸ, ಅದು ತನ್ನ ಕೆಲಸ ಮಾಡಿತ್ತು. ಒಂದು ಇಪ್ಪತ್ತು, ಎಲ್ಲ ಸರಿ. ಒಂದು ಮೂವತ್ತೈದು, ಹೊರಗೆ ಹೋದರು, ಫೋನ್ ಮಾಡಿದೆ. ಒಂದು ಐವತ್ತು, ಸಹಾಯಕಿ ತಲುಪಿದಳು. ಒಂದೇ ಗಂಟೆಯ, ಒಂದಕ್ಕೊಂದು ಒಪ್ಪುವ ಕತೆ. ಇದರ ಪ್ರಕಾರ ಸಹಾಯಕಿ ಕಾಲು ಗಂಟೆಯಲ್ಲಿ ಓಡಿ ಬಂದ ಪುಣ್ಯಾತ್ಗಿತ್ತಿ. "ಹೊರಟೆ" ಅಂದವಳು ಮತ್ತೆ ಮಗ್ಗುಲು ಬದಲಿಸಿ ಮಲಗಿದ ಒಂದು ಗಂಟೆ ಎಲ್ಲಿಯೂ ಇಲ್ಲ. ಸಹಾಯಕಿಯ ಫೋನಿನ ಗಡಿಯಾರವೂ ತಾನಾಗಿಯೇ ಹಿಂದೆ ಸರಿದಿತ್ತು, ಕರೆ ಬಂದದ್ದು ಅದರಲ್ಲೂ ೧.೩೫ ಅಂತಲೇ ಇತ್ತು.

"ಡಾಕ್ಟರ ಲೆಕ್ಕದಲ್ಲಿ ಆಗಲೇ ಸತ್ತವಳನ್ನು ಎಲ್ಲ ಸರಿ ಅಂತ ಬರೆದಿದ್ದೀರಿ" ಅಂದ ಹಿತೇನ್‌ಭಾಯ್. "ಅಂದರೆ ನೀವು ನೋಡಿಲ್ಲ. ನಿದ್ದೆ ಹೊಡೆದಿದ್ದೀರಿ. ಎದ್ದ ಮೇಲೆ ಫೋನ್ ಮಾಡಿದ್ದೀರಿ."

"ಒಂದು ಮೂವತ್ತೈದು ಎರಡು ಸಲ ಬಂತು, ಹಿತೇನ್‌ಭಾಯ್. ನಾನು ಮೊದಲನೆಯದರಲ್ಲಿ ಫೋನ್ ಮಾಡಿದೆ."

"ಹಾಳೆಯಲ್ಲಿ ಒಂದೇ ಇದೆ."

"ಎರಡನೆಯದು ಇರಲಿಲ್ಲ ಅಂದರೆ ನೀವು ಪೇಡಾ ಹಂಚಿದ್ದು ಯಾವ ಗಂಟೆಯಲ್ಲಿ?"

ಅವನು ಪಾಳಿಯ ಲೆಕ್ಕದ ಕಾಗದ ಮುಂದೆ ತಳ್ಳಿದ. ಪಾಳಿ ಅಲ್ಲಿಯ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ಎಂಟು ಗಂಟೆ. ಆ ದಿನ ಅವಳು ಕೂತದ್ದು ಒಂಬತ್ತು. ಒಂಬತ್ತನೆಯದಕ್ಕೆ ದುಡ್ಡು ಕೊಟ್ಟರೆ ಒಂದು ಮೂವತ್ತೈದು ಎರಡಾಗುತ್ತದೆ. ಎರಡಾದರೆ ಸಹಾಯಕಿ ಒಂದೂಕಾಲು ಗಂಟೆ ತಡ ಮಾಡಿದ್ದು ಬಯಲಾಗಿ ಕಂಪನಿಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಐವತ್ತು ಸಾವಿರದ ಮಾತು: ಎಂಟು ಗಂಟೆ ದುಡಿದೆ ಅಂತ ಸಹಿ ಹಾಕಿ, ತಗೊಂಡು ಹೋಗಿ. ಹಾಕದಿದ್ದರೆ ನಿದ್ದೆ ಹೊಡೆದವಳು ಅಂತ ಬರೆದು ಕಳಿಸುತ್ತೇವೆ. ಮೇದಿನಿ ಸಹಿ ಹಾಕಲಿಲ್ಲ, ಆ ಒಂದು ಗಂಟೆಯ ಕೂಲಿಗೆ ಲೇಬರ್ ಆಫೀಸಿಗೆ ಅರ್ಜಿ ಬರೆದಳು.

ಮನೆಯಲ್ಲಿ ಮಲ್ಲಿಕಾರ್ಜುನ, ಅವಳ ಗಂಡ, ವಿಮಾ ಕಚೇರಿಯ ಗುಮಾಸ್ತ, ರೊಟ್ಟಿ ಮುರಿಯುತ್ತ ಕೇಳಿದ. "ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ. ನಿದ್ದಿ ಹತ್ತಿತ್ತೇನು?"

"ಇಲ್ಲ."

"ಹಂಗಾರ ಹಾಸಿಗಿ ಮ್ಯಾಲೆ ಕುಂತಾಕಿ ಯಾರು?"

"ಕುಂತಾಕಿ ಆಕೀನ. ಕಂಡದ್ದನ್ನ ಬರದೀನಿ. ಕಂಡಿಲ್ಲ ಅಂತ ಹ್ಯಾಂಗ ಬರೀಲಿ?"

ಮಲ್ಲಿಕಾರ್ಜುನ ರೊಟ್ಟಿ ಕೆಳಗಿಟ್ಟ. "ಲೇಬರ್ ಆಫೀಸಿನ್ಯಾಗ ಆ ಮಾತು ಎತ್ತಬ್ಯಾಡ" ಅಂದ. "ತಾಸಿನ ಮಾತಷ್ಟ ಹೇಳು. ಸತ್ತಾಕಿ ಮಾತಾಡಿದ್ಲು ಅಂದ್ರ ತಾಸನ್ನೂ ನಂಬೂದಿಲ್ಲ ಅವರು."

ಮೇದಿನಿ ಆ ಮಾತು ಎತ್ತಿದಳು. ಲೇಬರ್ ಆಫೀಸರ್ ಕೇಳಿದ್ದಕ್ಕೆ ಕಂಡದ್ದೆಲ್ಲ ಹೇಳಿದಳು. ಅವನು ಪೆನ್ನು ಮುಚ್ಚಿ, ಆ ಗಂಟೆಗೆ ಸಾಕ್ಷಿ ತನ್ನಿ ಅಂದ.

ಸಂದೀಪನನ್ನು ಸ್ಟೇಷನ್ನಿನ ಎದುರಿನ ಚಹಾ ಗಾಡಿಯ ಹತ್ತಿರ ಹಿಡಿದಳು. ಅವನು ಕಪ್ಪು ಹಿಡಿದುಕೊಂಡು ರಸ್ತೆ ನೋಡಿದ.

"ಎರಡು ಸಲ ಕೇಳುಸ್ತು ಅಕ್ಕ. ಒಂದು ಇಪ್ಪತ್ತು ಬಾ, ಒಂದು ಇಪ್ಪತ್ತು ಬಾ. ಎರಡ್ನೇ ಸಲ ಆಯಮ್ಮನ ದನೀನೂ ಕೇಳುಸ್ತು. ಆದ್ರೆ ನನ್ನ ಸಾಕ್ಷಿಗೆ ಎಳೀಬೇಡಿ. ಮನೆ ಸಾಲ ಅದೆ."

"ಹೇಡಿ."

"ಹೂಂ ಅಕ್ಕ." ಕಪ್ಪು ಎಸೆದ. ಆಮೇಲೆ ತಾನಾಗಿಯೇ ಅಂದ: "ಆ ಮನೆ ಕ್ಯಾಮೆರಾ ಕಿತ್ತಾಕವ್ರೆ. ನಿಮ್ ಕುರ್ಚೀಲಿ ಈಗ ನಾನೇ ಕೂರೋದು. ಬೆಳಿಗ್ಗೆ ಆರು ಐವತ್ತಕ್ಕೆ ಸ್ಪೀಕರು ಕರ್ ಅಂತದೆ. ನಾನು ಟೈಮ್ ಹೇಳ್ತೀನಿ. ಹೇಳುದ್ರೆ ಸುಮ್ಕಾಯ್ತದೆ."

ಮೇದಿನಿ ಈಗ ಕೆಲಸದಲ್ಲಿಲ್ಲ. ನಿದ್ದೆ ಹೊಡೆದವಳು ಅಂತ ಬರೆದ ಕಾಗದ ಅವಳಿಗಿಂತ ಮುಂಚೆ ಊರ ಕಂಪನಿಗಳನ್ನೆಲ್ಲ ತಲುಪುತ್ತದೆ. ಐವತ್ತು ಸಾವಿರ ಮುಟ್ಟಿಲ್ಲ. ಲೇಬರ್ ಆಫೀಸಿನ ಬೆಂಚಿನ ಮೇಲೆ ಕೂರುತ್ತಾಳೆ, ವಾಯಿದೆ ಪಡೆದು ಏಳುತ್ತಾಳೆ. ಕಂಪನಿಯ ವಕೀಲ ಪ್ರತಿ ಸಲವೂ ಆ ಗಂಟೆ ಎಲ್ಲಿದೆ ತೋರಿಸಿ ಅನ್ನುತ್ತಾನೆ.

ಎಲ್ಲಿದೆ ಅಂತ ನಿಮಗೆ ಗೊತ್ತು. ನೀವೂ ಅದರೊಳಗೇ ಇದ್ದಿರಿ. ಆ ಲಾಭ ಪಂಚಮಿಯ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಹಾಲು ಕಾಯಿಸಿದಿರಿ, ಅಂಗಡಿಯ ಶಟರ್ ಎತ್ತಿದಿರಿ, ಮಗುವನ್ನು ಬೈದಿರಿ. ಮುದುಕಿಯ ಮಾತು ನಂಬಬೇಡಿ, ಬೇಡ. ಒಂದು ಹಾಳೆ ತೆಗೆದುಕೊಂಡು, ಆ ಗಂಟೆಯಲ್ಲಿ ಏನು ಮಾಡಿದಿರಿ ಅಂತ ನಿಮ್ಮ ಕೈಯಿಂದ ಬರೆದು, ಕೆಳಗೆ ಹೆಸರು ಹಾಕಿ, ವಡೋದರಾದ ಲೇಬರ್ ಆಫೀಸಿಗೆ ತಂದು ಕೊಡಿ. ಮುಂದಿನ ವಾಯಿದೆಯೊಳಗೆ ಕೊಡಿ.