ಬಿಸಿ ತಗಡಿನ ಪಕ್ಕ ಇಬ್ಬರು

ಗಾಳಿಗೆ ಹೆದರುವ ಕೋಣೆಯೊಂದನ್ನು ನಾನು ಮೊದಲು ಕಂಡದ್ದು ಜಿಗಣಿಯಲ್ಲಿ. ಫ್ಯಾನಿಲ್ಲ, ಕಿಟಕಿಗೆ ಟೇಪು, ಬಾಗಿಲ ಸಂದಿಗೆ ಸ್ಪಂಜು. ನಮ್ಮ ಗದಗಿನಲ್ಲಿ ಒಣಹಾಕಿದ ಸೀರೆ ಮೂರನೇ ಮನೆಯ ಮಾಳಿಗೆಯ ಮೇಲೆ ಸಿಗುತ್ತದೆ. ಅಂಥ ಊರಿನವಳಿಗೆ ಇಲ್ಲಿ ಬಾಗಿಲು ಜೋರಾಗಿ ತೆಗೆದರೂ ಬೈಗುಳ. ಇದೆಂಥಾ ಊರಪ್ಪಾ ಅನ್ನಿಸಿತು.

ನಮ್ಮ ಕಂಪನಿ ಬೀದಿದೀಪ ಮಾಡುತ್ತದೆ. ದೀಪದೊಳಗಿನ ಬಿಸಿ ಫ್ಯಾನಿನ ಹಂಗಿಲ್ಲದೆ ಹೊರಹೋಗಬೇಕು. ಬಿಸಿಯಾದ ಗಾಳಿ ಹಗುರಾಗಿ ತಾನೇ ಮೇಲೇರುತ್ತದಲ್ಲ, ರೊಟ್ಟಿ ಹಂಚಿನ ಮೇಲೆ ಕಾಣುವ ಆ ನಡುಕ, ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು ನನ್ನ ಕೆಲಸ. ಆ ಕೋಣೆಯಲ್ಲಿ ಹೊರಗಿನ ಗಾಳಿ ಸೋಕದಂತೆ, ದೀಪದ ಬೆನ್ನಿಗೆ ಹಾಕುವ ನಿಜವಾದ ತಗಡನ್ನೇ ಕಾಯಿಸಿ ಬಿಸಿ ಅಳೆಯುತ್ತಾರೆ. ಅಳತೆಗೂ ನನ್ನ ಲೆಕ್ಕಕ್ಕೂ ತಾಳೆಯಾದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು.

ಅಳೆಯುವವಳು ಮಂಜುಳಕ್ಕ, ಇಲ್ಲಿನ ಹಳ್ಳಿಯವಳೇ. ನನ್ನ ಬಾಡಿಗೆ ಕೋಣೆಯ ಸುತ್ತ ಒಡಿಯಾ, ಹಿಂದಿ, ತಮಿಳು. ಓನರ್ ಆಂಟಿ ಬಾಯಿಬಿಡುವುದು ನೀರಿನ ಮೋಟಾರಿನ ವಿಷಯಕ್ಕೆ ಮಾತ್ರ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಕಾರ್ನ್‌ಫ್ಲೋರ್ ಕೊಡುತ್ತಾರೆ, ಕರ್ಮ! ಭಾನುವಾರವಿಡೀ ಯಾರೊಂದಿಗೂ ಒಂದು ಮಾತೂ ಆಡದೆ ಮಲಗಿದ್ದುಂಟು. ಹಾಗಾಗಿ ನನ್ನ ಮಾತೆಲ್ಲ ಆ ಗಾಳಿಯಿಲ್ಲದ ಕೋಣೆಯಲ್ಲೇ. ತಗಡಿನ ಆಚೆ ಅವಳು, ಈಚೆ ನಾನು.

"ನಿಮ್ ಕಡೆ ಮುದ್ದೆ ಮಾಡಾಕಿಲ್ವಾ? ಮತ್ತೆ ಒಟ್ಟೆಗೇನ್ ತಿಂತೀರಾ?" ಅನ್ನುತ್ತಿದ್ದಳು.

"ರೊಟ್ಟಿ ಅಕ್ಕಾ, ದಿನಾ ರೊಟ್ಟಿ."

"ಅಯ್ಯೋ ಪಾಪ!"

ಇಬ್ಬರೂ ನಗುತ್ತಿದ್ದೆವು. ಆದರೆ ತಗಡು ಮಾತ್ರ ನನ್ನ ಲೆಕ್ಕಕ್ಕಿಂತ ತಣ್ಣಗೇ ಇರುತ್ತಿತ್ತು. ಎಷ್ಟು ತಿದ್ದಿದರೂ ಅಷ್ಟೇ. ತಲೆಕೆಟ್ಟು ಒಂದು ಮಧ್ಯಾಹ್ನ ಕಂಪ್ಯೂಟರಿನ ಚಿತ್ರದಲ್ಲಿ ತಗಡಿನ ಎರಡೂ ಬದಿಗೆ ಮೈಬಿಸಿಯಿರುವ ಎರಡು ಕಂಬ ನಿಲ್ಲಿಸಿದೆ, ಆಗಾಗ ಅಲುಗಾಡುವಂತೆ. ಲೆಕ್ಕದ ಗೆರೆ ಹೋಗಿ ಅಳತೆಯ ಗೆರೆಯ ಮೇಲೆ ಕೂತಿತು. ನಾವೇ! ನಮ್ಮ ಮೈಬಿಸಿ, ನಮ್ಮ ಉಸಿರು, ಮಾತಿನ ಭರದ ಕೈಬೀಸಾಟ ತಗಡಿನ ಮೇಲಿನ ಗಾಳಿಯನ್ನು ಕಲಕಿ ಅದನ್ನು ತಣಿಸುತ್ತಿತ್ತು.

ಮ್ಯಾನೇಜರ್ ನಕ್ಕುಬಿಟ್ಟರು. "ಸೂಪರ್ ಕಣಮ್ಮಾ! ಆದ್ರೆ ಬೀದಿದೀಪದ ಪಕ್ಕ ಯಾರ್ ನಿಂತ್ಕೊಂಡು ಹರಟೆ ಹೊಡೀತಾರೆ? ಇಬ್ರನ್ನೂ ತೆಗ್ದು ಟೆಸ್ಟ್ ಮಾಡ್ಸು."

ಮರುವಾರದಿಂದ ಅಳತೆಗಳು ತಂತಿಯಲ್ಲೇ ಹೊರಗಿನ ಪರದೆಗೆ ಬಂದವು. ಖಾಲಿ ಕೋಣೆ, ಮುಚ್ಚಿದ ಬಾಗಿಲು. ಕಂಬಗಳಿಲ್ಲದ ನನ್ನ ಹಳೆಯ ಲೆಕ್ಕ ಸರಿಯಾಗಿ ತಾಳೆಯಾಯಿತು. ನಾನು ಖಾಯಂ ಆದೆ. ಅಳೆಯುವವರು ಬೇಡವಾದ್ದರಿಂದ ಮಂಜುಳಕ್ಕನನ್ನು ಪ್ಯಾಕಿಂಗ್‌ಗೆ ಹಾಕಿದರು, ಬೇರೆ ಕಟ್ಟಡ, ಬೇರೆ ಶಿಫ್ಟು. ಗೇಟಿನಲ್ಲಿ ಸಿಕ್ಕಾಗ ತಡೆಯಲಾರದೆ ಕಾರಣ ಹೇಳಿದೆ.

"ನನ್ ಉಸ್ರು ಅಷ್ಟೊಂದ್ ಜಾಸ್ತಿ ಆಯ್ತಾ ನಿಂಗೆ?" ಅಂದಳು. ನಗುತ್ತಲೇ ಅಂದಳು. ನನಗೆ ನಗಲಾಗಲಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

"ಚಲೋ ಆತು ಬಿಡವಾ. ಅಲ್ಲೆ ಮಾತಾಡಾಕ ಯಾರರ ಅದಾರಿಲ್ಲ?"

"ಒಬ್ಬಾಕಿ ಇದ್ಲು ಯವ್ವಾ. ನಾನ ಹೊರಗ ಕಳಿಸೀನಿ."

"ಯಾಕ?"

ಲೆಕ್ಕ ಸರಿಬರಲಿ ಅಂತ, ಅಂದೆ. ಅವ್ವ ಊರಿಗೆ ಬಾ ಅಂದಿದ್ದರೆ ಆಗಿಂದಾಗಲೇ ಬಸ್ಸು ಹತ್ತುತ್ತಿದ್ದೆ. ಹತ್ತಿ, ಹಾವೇರಿ ಬರುವಷ್ಟರಲ್ಲಿ ಮಂಜುಳಕ್ಕನ ನೆನಪಾಗಿ ಅಳುತ್ತಿದ್ದೆ, ಅದೂ ಗೊತ್ತು.