ಕಟ್ಟಿಗೆಯ ಪೇರಲ, ಗಿಟಾರಿನ ಕೊಳಲು

ನಮ್ಮ ಮನೆಯ ಪಡಸಾಲೆಯ ಟೀಪಾಯಿಯ ಮೇಲೆ ಒಂದು ಪೇರಲ ಹಣ್ಣು ಇದೆ. ಹಸಿರು ಹಳದಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಕಿತ್ತಂತೆ ಕಾಣುವ ಈ ಹಣ್ಣಿನ ಒಂದು ಮಗ್ಗುಲಿಗೆ ಗಿಳಿ ಕುಕ್ಕಿದ ಗುರುತಿದ್ದು, ಅಲ್ಲಿಂದ ನಸುಗೆಂಪು ತಿರುಳು ಇಣುಕುತ್ತದೆ. ಬಂದವರು ಮಾತಾಡುತ್ತಲೇ ಅದರತ್ತ ಕೈ ಚಾಚುತ್ತಾರೆ. ಎತ್ತಿದ ಕೂಡಲೇ, ನಿರೀಕ್ಷಿಸಿದ ಭಾರ ಸಿಗದ ಕೈ ಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಹಣ್ಣು ಕಟ್ಟಿಗೆಯದು, ಗೋಕಾಕದ್ದು. ಆ ಕ್ಷಣದ ಮುಖವನ್ನು ನೋಡುವುದು ನನಗೆ ಬಹುಕಾಲದಿಂದ ಅಂಟಿದ ಚಟ. ‘ಬಂದವರಿಗೆ ಚಹಾ ಕೊಡೂದಕ್ಕಿಂತ ಮೊದಲ ಕಟಗಿ ಕೊಡ್ತೀರಲ್ಲ, ಯಾವ ಊರಿನ ರೀತಿರಿ ಇದು’ ಎಂದು ನನ್ನ ಹೆಂಡತಿ ಅನ್ನುತ್ತಲೇ ಇರುತ್ತಾಳೆ.

ಬೇರೆಯವರು ಬೆಚ್ಚುವುದನ್ನು ನೋಡಿ ಸುಖಿಸುವ ನಾನು ಸ್ವತಃ ಬೆಚ್ಚುವವನಲ್ಲ. ಇದು ಶೌರ್ಯವಲ್ಲ, ಕಸುಬಿನ ಅಭ್ಯಾಸ. ಪತ್ರಿಕೆಯ ವರದಿಗಾರನಾಗಿ ಘಟಪ್ರಭೆ ಸೇತುವೆ ಮೀರಿ ಹರಿದದ್ದನ್ನೂ, ಗೆಲುವು ಖಚಿತವೆಂದು ಹಾರ ತರಿಸಿಟ್ಟುಕೊಂಡ ಅಭ್ಯರ್ಥಿಗಳು ಹಾರವನ್ನು ಬಿಟ್ಟು ಮನೆಗೆ ಹೋದದ್ದನ್ನೂ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ‘ಅಯ್ಯೋ’ ಎನ್ನುವುದು ಓದುಗರ ಹಕ್ಕು. ವರದಿಗಾರನದು ಎಲ್ಲಿ, ಯಾವಾಗ, ಯಾರು ಕಂಡರು ಎಂದು ಕೇಳುವ ಕೆಲಸ. ಕಣ್ಣು ಹೇಳಿದ್ದನ್ನು ಕಿವಿ ಒಪ್ಪಬೇಕು, ಕಿವಿ ಹೇಳಿದ್ದನ್ನು ಕಣ್ಣು ಒಪ್ಪಬೇಕು, ಎರಡೂ ಒಪ್ಪದಿದ್ದರೆ ಬರೆಯಬಾರದು ಎಂಬ ಒಂದೇ ನಿಯಮದ ಮೇಲೆ ನನ್ನ ಇಡೀ ನೌಕರಿ ಸಾಗಿದೆ. ಆ ನಿಯಮ ಮುರಿದುಬಿದ್ದದ್ದು ಗೋಕಾಕದ ಒಂದು ಅಟ್ಟದ ಮೇಲೆ.

ಮದುವೆಯೊಂದಕ್ಕೆ ಉಡುಗೊರೆ ಕೊಡಲೆಂದು ಹಣ್ಣಿನ ಬುಟ್ಟಿ ಕೊಳ್ಳಲು ಕಾಳಪ್ಪನ ಅಂಗಡಿಗೆ ಹೋಗಿದ್ದೆ. ನನ್ನ ಪೇರಲವೂ ಅವನ ಕೈಯದೇ. ನನ್ನ ಓರಗೆಯವನು, ಮಾತು ಕಡಿಮೆ, ಕೆತ್ತುವಾಗಂತೂ ಇನ್ನೂ ಕಡಿಮೆ. ಅವನು ಒಂದು ಸೀತಾಫಲದ ಮೈಮೇಲೆ ಗುಳ್ಳೆಗಳನ್ನು ಎಬ್ಬಿಸುತ್ತ ಕೂತಿದ್ದಾಗ ಮೇಲಿನ ಅಟ್ಟದಿಂದ ಕೊಳಲು ಕೇಳಿಸಿತು. ಬಿದಿರಿನ ಕೊಳಲು, ಊದುವವನ ಉಸಿರು ಸ್ವರದ ಅಂಚಿಗೆ ತಾಗುವ ಸದ್ದೂ ಕೇಳುವಷ್ಟು ಸ್ಪಷ್ಟ.

‘ಮ್ಯಾಲ ಕೊಳಲ ಊದಾಕತ್ತಾವರು ಯಾರ್ರಿ?’ ಎಂದೆ.

ಕಾಳಪ್ಪ ತಲೆ ಎತ್ತಲಿಲ್ಲ. ‘ಯಾರೂ ಊದಾಕತ್ತಿಲ್ರಿ. ಅದು ಸುಳ್ಳ ಕೊಳಲ, ನಮ್ಮ ಮೌನ್ಯಾಂದು. ಹೋಗಿ ನೋಡ್ರಿ. ಅಲ್ಲಿ ಕೊಳಲೇನರ ಸಿಕ್ರ ನನಗೂ ತೋರಸ್ರಿ.’

ಏಣಿ ಹತ್ತಿ ತಲೆ ತೂರಿಸಿದೆ. ಕಾಳಪ್ಪನ ಮಗ ಮೌನೇಶ ಕಟ್ಟಿಗೆಯ ತುಂಡುಗಳ ನಡುವೆ ಗಿಟಾರು ಹಿಡಿದು ಕೂತಿದ್ದ. ಬಾಯಿ ತುಂಬ ಚುರಮುರಿ. ಅವನು ಜಗಿಯುತ್ತಿದ್ದ, ಕೊಳಲು ನುಡಿಯುತ್ತಿತ್ತು. ನನ್ನನ್ನು ಕಂಡು ನುಂಗಿ, ‘ಬರ್ರಿ ಕಾಕಾ’ ಎಂದ. ಹಾಗೆನ್ನುವಾಗಲೂ ಕೊಳಲು ನಿಲ್ಲಲಿಲ್ಲ. ನಾನು ಮೇಲೆ ಹತ್ತಿ ಕಟ್ಟಿಗೆಯ ರಾಶಿಯ ಹಿಂದೆ ನೋಡಿದೆ. ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದೆ. ಅಷ್ಟರಲ್ಲಿ ಅವನು ಕಾಲಿನಿಂದ ಒಂದು ಗುಂಡಿ ಒತ್ತಿ ಅದೇ ತಂತಿ ಮೀಟಿದ, ಶಹನಾಯಿ ಬಂತು. ಇನ್ನೊಮ್ಮೆ ಒತ್ತಿದ, ಹತ್ತಾರು ಹೆಂಗಸರು ದೂರದ ಗುಡಿಯೊಳಗೆ ಸ್ವರ ಎಳೆದಂತೆ ಕೇಳಿಸಿತು. ನಾನು ಅಲ್ಲೇ ಒಂದು ಕಟ್ಟಿಗೆಯ ತುಂಡಿನ ಮೇಲೆ ಕೂತುಬಿಟ್ಟೆ.

ಇದಕ್ಕೆ ಗಿಟಾರ್ ಸಿಂಥಸೈಜರ್ ಎನ್ನುತ್ತಾರಂತೆ. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಗಿಟಾರಿನ ಆರು ತಂತಿಗಳ ಕೆಳಗೆ ಒಂದು ತೆಳು ಪಟ್ಟಿ. ಅದರಲ್ಲಿ ಪ್ರತಿ ತಂತಿಗೂ ಒಂದೊಂದು ಪ್ರತ್ಯೇಕ ಕಿವಿ. ತಂತಿ ಹೇಗೆ ಅದುರಿತೆಂಬುದನ್ನು ಈ ಕಿವಿಗಳು ಕೇಳಿಸಿಕೊಂಡು ಒಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತವೆ; ಪೆಟ್ಟಿಗೆ ಅದೇ ಸ್ವರವನ್ನು ನಮಗೆ ಬೇಕಾದ ಕಂಠದಲ್ಲಿ ಹಾಡುತ್ತದೆ. ದಪ್ಪ ತಂತಿ ನಿಧಾನವಾಗಿ ಅದುರುವುದರಿಂದ ಅದರ ಸುದ್ದಿ ತುಸು ತಡವಾಗಿ ಮುಟ್ಟುತ್ತದೆ, ಆದ್ದರಿಂದ ಅದನ್ನು ಕಣ್ಣೆವೆ ಬಡಿಯುವಷ್ಟು ಮುಂಚೆಯೇ ಮೀಟಬೇಕು. ಬೆರಳು ಅಪ್ಪಿತಪ್ಪಿ ಪಕ್ಕದ ತಂತಿಗೆ ಸವರಿದರೂ ಪೆಟ್ಟಿಗೆ ಅದನ್ನು ಆಜ್ಞೆ ಎಂದುಕೊಂಡು ಕಿರುಚುತ್ತದೆ. ತಾಲ್ಲೂಕಿನಿಂದ ಬಂದ ಪಿಸುಮಾತನ್ನು ಮುಖಪುಟದ ಶೀರ್ಷಿಕೆ ಮಾಡುವ ಸಂಪಾದಕರ ಕೈಕೆಳಗೆ ದುಡಿದ ನನಗೆ ಈ ಪೆಟ್ಟಿಗೆಯ ಸ್ವಭಾವ ಹೊಸದೆನಿಸಲಿಲ್ಲ.

ಮೌನೇಶನ ತಂಡ ನುಡಿಸುವುದು ಪ್ರೊಗ್ರೆಸಿವ್ ರಾಕ್. ಒಂದೇ ಹಾಡು ಊಟಕ್ಕೆ ಕೂತವರು ಕೈತೊಳೆಯುವವರೆಗೆ ನಡೆಯುತ್ತದೆ. ನಡುವೆ ತಾಳ ಬದಲಾಗುತ್ತದೆ, ಗತಿ ಬದಲಾಗುತ್ತದೆ, ಒಮ್ಮೆ ಮೌನವೂ ಬರುತ್ತದೆ. ಬದುಕಿಡೀ ತನ್ನದೇ ವರದಿಗಳನ್ನು ಅರ್ಧಕ್ಕೆ ಕತ್ತರಿಸಿದ ನನ್ನ ಕೈ ಮೊದಲ ಸಲ ಕೇಳುವಾಗ ಕೆಂಪು ಪೆನ್ನಿಗಾಗಿ ತಡಕಾಡಿತು. ಡ್ರಮ್ಸ್ ಬಾರಿಸುವವನು ಮೂಡಲಗಿಯ ಸಿದ್ಲಿಂಗ, ಬೇಸ್ ಗಿಟಾರಿನವನು ಹಿಡಕಲ್‌ನವನು. ಕೊಳಲು, ಶಹನಾಯಿ, ಪಿಟೀಲಿನವರನ್ನೆಲ್ಲ ಕಟ್ಟಿಕೊಂಡು ತಿರುಗುವ ಶಕ್ತಿ ಈ ಮೂವರಿಗಿಲ್ಲ. ಆದ್ದರಿಂದ ಅವರೆಲ್ಲರದೂ ಮೌನೇಶನ ಆರು ತಂತಿಗಳಲ್ಲೇ ವಾಸ.

ಕೆಳಗಿಳಿದು, ನಿಮ್ಮ ಮಗ ಚೆನ್ನಾಗಿ ನುಡಿಸುತ್ತಾನೆ ಎಂದೆ. ಕಾಳಪ್ಪನ ಉಳಿ ನಿಂತಿತು.

‘ಅಂವ ಎಲ್ಲಿ ಬಾರಸ್ತಾನ್ರಿ, ಪೆಟಗಿ ಬಾರಸ್ತೈತಿ. ಅಂಗಡಿಗಿ ಬಂದಾವ್ರು ನನ್ನ ಹಣ್ಣ ಹಿಡದು ಮಷಿನ್ನಿಂದೇನ್ರಿ ಅಂತ ಕೇಳ್ತಾರ. ಕೇಳಿದಾಗೊಮ್ಮೆ ಈ ಕೈ ತೋರಸ್ತೇನಿ. ನಾಳೆ ಇವನ್ನ ಕೇಳಿದ್ರ ಏನ ತೋರಸ್ತಾನ?’

ಅವನ ಅಂಗೈಯನ್ನು ನೋಡಿದೆ. ಉಳಿ ಹಿಡಿದು ಹಿಡಿದು ಗೆರೆಗಳೇ ಅಳಿಸಿಹೋದ ಕೈ. ಈಗ ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ ಹಣ್ಣುಗಳು ಎಲ್ಲ ಊರಿನ ಅಂಗಡಿಗಳಲ್ಲೂ ತೂಗುತ್ತಿರುವಾಗ ಆ ಪ್ರಶ್ನೆ ಅವನಿಗೆ ಎಲ್ಲಿ ತಾಗುತ್ತದೆಂದು ಊಹಿಸಬಲ್ಲೆ.

ಏಣಿಯ ಮೇಲಿಂದ ಮೌನೇಶ, ‘ಅಪ್ಪಾ, ಬೆರಳ ನನ್ವ ಅದಾವಲ್ಲ’ ಎಂದ.

‘ಮೊಬೈಲಿನ್ಯಾಗೂ ಬೆರಳ ಆಡಸ್ತಿ. ಅದನ್ನೂ ಕಸುಬ ಅನ್ನಲೇನು?’

ಮಾತು ಆ ದಿನವೇ ಒಂದು ಒಪ್ಪಂದಕ್ಕೆ ಬಂತು. ಆಷಾಢದಲ್ಲಿ ಹುಕ್ಕೇರಿಯ ಮಂಗಲ ಕಾರ್ಯಾಲಯವೊಂದರಲ್ಲಿ ತಂಡದ ಕಾರ್ಯಕ್ರಮವಿತ್ತು. ಕಾರ್ಯಾಲಯ ಸಿದ್ಲಿಂಗನ ಸೋದರಮಾವನದು. ಆಷಾಢದಲ್ಲಿ ಯಾರೂ ಮದುವೆಯಾಗದ ಕಾರಣ ಹುಡುಗರಿಗೆ ಪುಕ್ಕಟೆ. ಕಾಳಪ್ಪ ಅಲ್ಲಿಗೆ ಬರುತ್ತಾನೆ, ಕೇಳುತ್ತಾನೆ. ‘ಪೆಟಗಿನ ಬಾರಸ್ತೈತಿ ಅಂತ ನನಗ ಖಾತ್ರಿ ಆತಂದ್ರ ಅದನ್ನ ಮಾರಿ ಅಂಗಡ್ಯಾಗ ಕುಂಡ್ರಬೇಕು. ಕೈ ಬಾರಸ್ತೈತಿ ಅನಿಸ್ತಂದ್ರ ನಾ ಮತ್ತ ಈ ಮಾತ ಎತ್ತೂದಿಲ್ಲ. ಇವರು ಪೇಪರಿನವರು, ಇವರು ನಡುವಿನವರಾಗಿ ಇರ್ಲಿ.’ ಮೌನೇಶ ಏಣಿಯಿಂದ ಇಳಿದು ಬಂದು, ‘ಆತು’ ಎಂದ.

ನಡುವಿನವನಾಗಿ ನನಗೊಂದು ತತ್ತ್ವ ಬೇಕಿತ್ತು. ಕಾಳಪ್ಪನ ಪ್ರತಿ ಹಣ್ಣಿನ ಅಡಿಯಲ್ಲೂ ಕಾಸಿನಗಲ ಜಾಗಕ್ಕೆ ಬಣ್ಣವಿರುವುದಿಲ್ಲ. ಅಲ್ಲಿ ಬರಿಯ ಕಟ್ಟಿಗೆ ಕಾಣುತ್ತದೆ. ಇದು ಕಲಾವಿದನ ಪ್ರಾಮಾಣಿಕತೆ, ನೋಡುವವನನ್ನು ಪೂರ್ತಿ ಮೋಸಗೊಳಿಸಬಾರದೆಂದು ಬಿಟ್ಟ ಕಿಂಡಿ, ಕಲೆಗೂ ಕಪಟಕ್ಕೂ ನಡುವಿನ ಗಡಿ ಎಂದೆಲ್ಲ ನಾನು ವರ್ಷಗಟ್ಟಲೆ ಸಭೆಗಳಲ್ಲಿ ಮಾತಾಡಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ದಿನ ಹೊರಡುವಾಗ ಇದನ್ನೇ ಕಾಳಪ್ಪನ ಬಾಯಿಂದ ಹೇಳಿಸೋಣವೆಂದು, ಅಡಿಗೆ ಬಣ್ಣ ಯಾಕೆ ಹಚ್ಚುವುದಿಲ್ಲ ಎಂದು ಕೇಳಿದೆ. ಅವನು ನನ್ನನ್ನು ಒಂದು ಬಗೆಯ ಕನಿಕರದಿಂದ ನೋಡಿದ.

‘ಬಣ್ಣ ಒಣಗೂತನ ಎಲ್ಲೆರ ನಿಂದ್ರಬೇಕಲ್ರಿ ಅದು.’

ಹುಕ್ಕೇರಿಗೆ ಹೋದ ಸಂಜೆ ಬಿಡದೆ ಮಳೆ. ಕಾರ್ಯಾಲಯದಲ್ಲಿ ಕಾಲೇಜಿನ ಹುಡುಗರು, ಸಿದ್ಲಿಂಗನ ಮಾವನ ಕಡೆಯ ನೆಂಟರು, ಸಂತೆಗೆ ಬಂದು ಮಳೆಗೆ ಸಿಕ್ಕಿ ಒಳಗೆ ನುಗ್ಗಿದ ಘೋಡಗೇರಿಯ ರೈತರು. ವೇದಿಕೆಯ ಹಿಂದೆ ಯಾವುದೋ ಹಳೆಯ ಮದುವೆಯ ಥರ್ಮೋಕೋಲಿನ ನವಿಲುಗಳು ಹಾಗೇ ಇದ್ದವು. ಕಾಳಪ್ಪ ಮೊದಲ ಸಾಲಿನಲ್ಲಿ ಕೂತ. ಮಡಚಿದ ಕೊಡೆ ತೊಡೆಯ ಮೇಲೆ. ನಾನು ಅವನ ಪಕ್ಕ.

ಹಾಡು ಏಳು ಮಾತ್ರೆಯದು. ಎಂಟಕ್ಕೆ ಚಪ್ಪಾಳೆ ತಟ್ಟತೊಡಗಿದ ಹುಡುಗರು ಪ್ರತಿ ಸುತ್ತಿನಲ್ಲೂ ಎಡವಿ ಕೊನೆಗೆ ಕೈ ಬಿಟ್ಟರು. ಗಿಟಾರಿನಿಂದ ಮೊದಲು ಗುಡುಗಿನಂಥ ಸದ್ದು, ಆಮೇಲೆ ಶಹನಾಯಿ. ಶಹನಾಯಿ ಏಳುತ್ತಲೇ ಸಭೆಯ ಅರ್ಧ ತಲೆಗಳು ಬಾಗಿಲಿನತ್ತ ತಿರುಗಿದವು; ದಿಬ್ಬಣ ಬಂತೆಂದೇ ಎಲ್ಲರ ಎಣಿಕೆ. ಒಬ್ಬ ಮುದುಕಿ ಸೆರಗು ಸರಿಪಡಿಸಿಕೊಂಡು ಎದ್ದೇ ನಿಂತಳು. ನಡುವೆ ಎಲ್ಲ ತಣ್ಣಗಾದಾಗ ಹಿಂದಿನಿಂದ ಒಬ್ಬ ರೈತ, ‘ಇದು ಮುಗೀತೋ, ಉಸರ ತಗೊಳ್ಳಾಕತ್ತೈತೋ?’ ಎಂದ. ‘ನೀ ಸುಮ್ ಕುಂಡ್ರೋ, ಮಳಿ ಇನ್ನೂ ಐತಿ’ ಎಂದು ಇನ್ನೊಬ್ಬ.

ನಾನು ಕಾಳಪ್ಪನ ಮುಖವನ್ನೇ ಓದುತ್ತಿದ್ದೆ. ಅದು ಪ್ರತಿ ಹೊಸ ವಾದ್ಯಕ್ಕೂ ಇನ್ನಷ್ಟು ಮುಚ್ಚಿಕೊಳ್ಳುತ್ತಿತ್ತು. ಗಿಡವೊಂದನ್ನೂ ನೆಡದೆ ಬುಟ್ಟಿ ತುಂಬ ಹಣ್ಣು ತಂದವನನ್ನು ಅನುಮಾನದಿಂದ ನೋಡುವಂತೆ ಅವನು ಮಗನನ್ನು ನೋಡುತ್ತಿದ್ದ. ಕೊಳಲು ಶುರುವಾದಾಗ ನನ್ನ ಕಡೆ ಬಾಗಿ, ‘ಕೇಳಿದ್ರಲ್ಲ’ ಎಂದ. ಅಷ್ಟೇ. ತೀರ್ಪು ಬಂದಾಗಿದೆ ಎಂದು ನನಗೆ ತಿಳಿಯಿತು. ಮೌನೇಶನಿಗೂ ತಿಳಿದಿರಬೇಕು, ಅವನು ಕಣ್ಣು ಮುಚ್ಚಿಕೊಂಡು ನುಡಿಸತೊಡಗಿದ.

ಆಗ ಕರೆಂಟು ಹೋಯಿತು.

ಕೊಳಲು ಕತ್ತರಿಸಿದಂತೆ ನಿಂತಿತು. ಅಷ್ಟು ದೊಡ್ಡ ಸದ್ದಿನ ಕೆಳಗಿನಿಂದ ನೆಲವನ್ನೇ ಎಳೆದುಕೊಂಡಂತಾಗಿ ನಾನು ಕುರ್ಚಿಯ ಕೈ ಹಿಡಿದೆ. ಜನರೇಟರಿಗೆ ಡೀಸೆಲ್ ಇರಲಿಲ್ಲ. ಮದುವೆಯಿಲ್ಲದ ತಿಂಗಳಲ್ಲಿ ಯಾರು ತುಂಬಿಸಿಡುತ್ತಾರೆ ಎಂದು ಮಾವ ಕತ್ತಲಲ್ಲಿ ಯಾರಿಗೋ ಹೇಳುತ್ತಿದ್ದ. ಕಿಟಕಿಯಿಂದ ಬರುವ ಮಬ್ಬು ಬೆಳಕಿನಲ್ಲಿ ಸಿದ್ಲಿಂಗ ಕೋಲುಗಳನ್ನು ಕೆಳಗಿಟ್ಟು ಬೆರಳ ತುದಿಯಿಂದ ಡ್ರಮ್ಮಿನ ಮೇಲೆ ಏಳು ಮಾತ್ರೆಯನ್ನು ಬಿಡದೆ ತಟ್ಟುತ್ತಿದ್ದ. ಅವನು ಯಾರಿಗಾಗಿ ತಟ್ಟುತ್ತಿದ್ದಾನೆ ಎಂದು ನೋಡಿದರೆ, ಮೌನೇಶನ ಬೆರಳುಗಳು ನಿಂತಿರಲಿಲ್ಲ. ಕಣ್ಣು ಮುಚ್ಚಿಯೇ ಇತ್ತು. ಸತ್ತ ಪೆಟ್ಟಿಗೆಯ ಮುಂದೆ ಅವನು ಒಂದು ಸ್ವರವನ್ನೂ ಬಿಡದೆ ನುಡಿಸುತ್ತಲೇ ಇದ್ದ. ಮಳೆಯ ಸದ್ದಿನ ಸಂದಿಯಲ್ಲಿ ತಂತಿಯ ಟಿಣ್ ಟಿಣ್ ಎಂಬ ಬಡಕಲು ಧ್ವನಿ ಮೊದಲ ಸಾಲಿನವರೆಗೆ ಮಾತ್ರ ಬರುತ್ತಿತ್ತು.

ಕಾಳಪ್ಪ ಎದ್ದ. ಕೊಡೆಯನ್ನು ಕುರ್ಚಿಯ ಮೇಲಿಟ್ಟು, ವೇದಿಕೆ ಹತ್ತಿ, ಮಗನ ಪಕ್ಕದಲ್ಲಿ ನಿಂತು ನೋಡಿದ. ಆಮೇಲೆ ಅವನು ಮಾಡಿದ್ದನ್ನು ಸಭೆಯೆಲ್ಲ ಕಂಡಿತು. ನಾನೊಬ್ಬನೇ ಕಂಡದ್ದಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಅವನು ಬಾಗಿ, ಗಿಟಾರಿನ ಕಟ್ಟಿಗೆಗೆ ಕಿವಿ ಹಚ್ಚಿದ. ಗಟ್ಟಿ ಕಾಂಡದೊಳಗೆ ಟೊಳ್ಳಿದೆಯೇ ಎಂದು ಮರ ಕೊಳ್ಳುವಾಗ ಅವನು ಹೀಗೆಯೇ ಕಿವಿ ಹಚ್ಚುವುದನ್ನು ನಾನು ನೋಡಿದ್ದೇನೆ. ಮೌನೇಶ ಕಣ್ಣು ತೆರೆದ, ಅಪ್ಪನ ನರೆತ ತಲೆ ತನ್ನ ಎದೆಯ ಹತ್ತಿರ ಇರುವುದನ್ನು ಕಂಡ. ಅವನ ಕೈ ನಿಲ್ಲಲಿಲ್ಲ.

ಎಷ್ಟು ಹೊತ್ತೋ ತಿಳಿಯದು. ಕರೆಂಟು ಬಂತು. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಹತ್ತಿದವು, ಮತ್ತು ಕೊಳಲು ಮೇಲೆದ್ದಿತು. ನಾನು ದಂಗಾದದ್ದು ಅದರ ಸದ್ದಿಗಲ್ಲ. ಕೊಳಲು ಎಲ್ಲಿ ಕಡಿದಿತ್ತೋ ಅಲ್ಲಿಂದ ಶುರುವಾಗಲಿಲ್ಲ. ಹಾಡು ಅಷ್ಟರೊಳಗೆ ಎಲ್ಲಿಗೆ ತಲುಪಿರಬೇಕಿತ್ತೋ ಅಲ್ಲಿಂದ, ತುಂಬಿದ ದನಿಯಲ್ಲಿ ಶುರುವಾಯಿತು. ಕತ್ತಲಿನ ಆ ಹೊತ್ತಿನಲ್ಲಿ ಹಾಡು ಅಷ್ಟೂ ದಾರಿಯನ್ನು ಬರಿಗಾಲಲ್ಲಿ ನಡೆದುಬಂದಿತ್ತು. ಕಿವಿ ಹಚ್ಚಿದ್ದ ಕಾಳಪ್ಪ ಬೆಂಕಿ ತಾಗಿದವನಂತೆ ಹಿಂದಕ್ಕೆ ಹಾರಿ ಥರ್ಮೋಕೋಲಿನ ನವಿಲಿಗೆ ಡಿಕ್ಕಿ ಹೊಡೆದ. ಸಭೆ ಹೋ ಎಂದು ನಕ್ಕಿತು. ಅವನು ನಗಲಿಲ್ಲ, ಬೆಚ್ಚಿದ ಮುಖದಲ್ಲೇ ಮಗನ ಬೆರಳುಗಳನ್ನು ನೋಡುತ್ತ ಹಾಡು ಮುಗಿಯುವ ತನಕ ನವಿಲಿನ ಪಕ್ಕದಲ್ಲೇ ನಿಂತ.

ಹೊರಗೆ ಜೀಪಿಗೆ ಸಾಮಾನು ಏರಿಸುವಾಗ ಮೌನೇಶ ಪೆಟ್ಟಿಗೆಯನ್ನು ಅಪ್ಪನ ಮುಂದೆ ನೆಲಕ್ಕಿಟ್ಟ. ಮಾರುವುದೋ ಇಟ್ಟುಕೊಳ್ಳುವುದೋ, ಅಪ್ಪನೇ ಹೇಳಲಿ ಎಂಬಂತೆ. ಕಾಳಪ್ಪ ಕೊಡೆ ಬಿಚ್ಚಿ ಪೆಟ್ಟಿಗೆಯ ಮೇಲೆ ಹಿಡಿದ.

‘ಕಟಗಿ ಚಲೋ ಐತಿ’ ಎಂದ, ಗಿಟಾರಿನ ಕುರಿತು. ಸ್ವಲ್ಪ ತಡೆದು, ‘ಇದನ್ನ ತೊಯ್ಯಾಕ ಬಿಡಬ್ಯಾಡ. ಜೀಪಿನ್ಯಾಗ ಒಳಗ ಇಡು. ಕರೆಂಟ ಇದ್ದಾಗ ಬೇಕಾಗ್ತೈತಿ.’

ನಾನು ನಡುವಿನವನೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಜೀಪಿನಲ್ಲಿ ಅವರ ಹಿಂದೆ ಕೂತು ಗೋಕಾಕದವರೆಗೂ ಬಂದೆ.

ಮೊನ್ನೆ ಕಣಗಲಾದಿಂದ ನನ್ನ ಹೆಂಡತಿಯ ಅಣ್ಣ ಬಂದಿದ್ದ. ಮಾತಾಡುತ್ತ ಪೇರಲದತ್ತ ಕೈ ಚಾಚಿದ. ನನಗೇ ಆಶ್ಚರ್ಯವಾಗುವಂತೆ, ಅವನು ಎತ್ತುವ ಮೊದಲೇ, ‘ಅದು ಕಟಗೀದು’ ಎಂದುಬಿಟ್ಟೆ. ಒಳಗಿನಿಂದ ಚಹಾ ತರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. ಅವನು ಕೈ ಹಿಂದೆಗೆಯುತ್ತಾನೆ, ಆಟ ಮುಗಿಯಿತು ಎಂದುಕೊಂಡೆ. ಆದರೆ ಅವನು ಹಣ್ಣನ್ನು ಎತ್ತಿಕೊಂಡ. ತಿರುಗಿಸಿ ಬಣ್ಣವಿಲ್ಲದ ಅಡಿಯನ್ನು ನೋಡಿದ, ಗಿಳಿ ಕುಕ್ಕಿದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ, ಬೆಳಕಿಗೆ ಹಿಡಿದ. ಮೋಸಹೋದವರು ಯಾರೂ ಅದನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಹೆಂಡತಿ ತಂದಿಟ್ಟ ಅವನ ಚಹಾ ಆರಿಹೋಯಿತು.