ಮ್ಯಾಗ್ನೆಟ್ ಮೇಲೆ ಇಟ್ಟ ರಷ್ಯಾ ವಾಚು

ತಪ್ಪು ನನ್ನದೇ. ಮಾವನ ರಷ್ಯಾ ವಾಚನ್ನು ಕೇಳದೆ ಕಟ್ಟಿಕೊಂಡು ಹೋದವನು ನಾನು. ಜೋಪಾನವಾಗಿರಲಿ ಎಂದು ಬಿಚ್ಚಿ, ಇಡಬಾರದ ಜಾಗವನ್ನೇ ಹುಡುಕಿ ಇಟ್ಟವನೂ ನಾನೇ. ದೇವರು ಬುದ್ಧಿ ಹಂಚುವಾಗ ನಾನು ಮುಂದೆ ನಿಂತವನ ದನಿ ಅಣಕಿಸುತ್ತಾ ಇದ್ದೆ ಎಂದು ಕಾಣುತ್ತದೆ.

ಮಾವ ಎಂದರೆ ಅಮ್ಮನ ಅಣ್ಣ. ಉತ್ತರದ ಕಡೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ರಷ್ಯನ್ ಎಂಜಿನಿಯರುಗಳ ಜೊತೆ ವರ್ಷಗಟ್ಟಲೆ ನಕ್ಷೆ ಬರೆದವರು. ಆ ರಷ್ಯನ್ನರು ತಮ್ಮ ದೇಶಕ್ಕೆ ಹೊರಟಾಗ ಕೈಯಿಂದ ಬಿಚ್ಚಿಕೊಟ್ಟ ವಾಚುಗಳೊಂದಿಗೆ ಮಾವ ಹೊಸೂರಿಗೆ ಮರಳಿದ್ದರು. ಆಮೇಲೂ ಯಾರದೋ ಮನೆಯಲ್ಲಿ ಹಳೆಯ ರಷ್ಯಾ ವಾಚಿದೆ ಎಂದು ಕಿವಿಗೆ ಬಿದ್ದರೆ ಸಾಕು, ಬಸ್ಸು ಹತ್ತಿಬಿಡುತ್ತಿದ್ದರು. ಹೊಸೂರಿನ ಆಲಸನತ್ತಂ ಬಡಾವಣೆಯ ಮನೆಯ ಬೀರುವಿನಲ್ಲಿ ಅವಕ್ಕೇ ಒಂದು ಅರೆ ಮೀಸಲು. ಬೆಳಿಗ್ಗೆ ಸ್ನಾನ ಮುಗಿಸಿ, ಕಾಫಿಗೂ ಮುಂಚೆ, ಒಂದೊಂದನ್ನೂ ಕಿವಿಗೆ ಹಿಡಿದು ನಿನ್ನೆಯ ಓಟ ಇನ್ನೂ ಇದೆಯೇ ಎಂದು ಕೇಳಿ, ಆಮೇಲೆ ಕೀ ಕೊಡುತ್ತಿದ್ದರು.

ನಮ್ಮೂರು ಗುಮ್ಮಳಾಪುರದ ಹೊಲದಿಂದ ನನ್ನನ್ನು ಕರೆತಂದು, ಆಗಷ್ಟೇ ಶುರುವಾಗಿದ್ದ ಕಾರ್ಖಾನೆಯೊಂದರಲ್ಲಿ ಕೆಲಸ ಕೊಡಿಸಿ, ಮನೆಯಲ್ಲೇ ಇಟ್ಟುಕೊಂಡಾಗ ಒಂದೇ ಷರತ್ತು ಹಾಕಿದ್ದರು. "ನನ್ ದನಿ ಅಣಕ್ಸು, ನಿಮ್ಮತ್ತೆ ನಡ್ಗೆ ಅಣಕ್ಸು, ಬ್ಯಾಡ ಅನ್ನಲ್ಲ. ವಾಚ್ ಮುಟ್ಟಿದ್ ದಿವ್ಸ ಟ್ರಂಕ್ ಎತ್ಕೊಂಡು ಊರಿಗೋಗ್ತಾ ಇರು ಕಣ್ಲಾ."

ಮಾವ ಕೃಷ್ಣಗಿರಿಗೆ ಹೋದ ದಿನ ಮುಟ್ಟಿದೆ. ಅದೂ ಅಪರೂಪದ್ದನ್ನೇ: ದಿನದ ಇಪ್ಪತ್ನಾಲ್ಕು ಗಂಟೆಗಳನ್ನೂ ಒಂದೇ ಸುತ್ತಿನಲ್ಲಿ ಬರೆದಿದ್ದ ವಾಚು. ನಡುಮಧ್ಯಾಹ್ನ ಅದರ ಚಿಕ್ಕ ಮುಳ್ಳು ನೆಲ ನೋಡುತ್ತಿತ್ತು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದ ತಮಿಳಣ್ಣ ನನ್ನ ಮಣಿಕಟ್ಟು ಹಿಡಿದು, "ತಂಬಿ, ಇದು ವಾಚಾ, ಲಾರಿ ಮೀಟರಾ?" ಎಂದ. ನಾನು ಮಾವನ ದನಿ ತೆಗೆದು, ಮಾವನಂತೆಯೇ ಗಂಟಲು ಸರಿಮಾಡಿಕೊಂಡು, ರಷ್ಯಾದ ಚಳಿಯ ಬಗ್ಗೆ ಭಾಷಣ ಮಾಡಿದೆ.

ಕಬ್ಬಿಣ ಉಜ್ಜುವ ನನ್ನ ಗ್ರೈಂಡಿಂಗ್ ಯಂತ್ರದಿಂದ ನೀರು ಸಿಡಿಯುತ್ತದೆ. ವಾಚಿಗೆ ತಾಗದಿರಲಿ ಎಂದು ಬಿಚ್ಚಿ, ಆಚೆ ಸುಮ್ಮನೆ ನಿಂತಿದ್ದ ಇನ್ನೊಂದು ಯಂತ್ರದ ಒಣ ಮೇಜಿನ ಮೇಲಿಟ್ಟೆ. ಕಬ್ಬಿಣದ ತುಂಡುಗಳು ಅಲುಗದಂತೆ ಹಿಡಿಯುವ ಮ್ಯಾಗ್ನೆಟ್ ಮೇಜು ಅದು. ದಿನಾ ಅದನ್ನೇ ಒರೆಸುತ್ತಿದ್ದ ನನಗೆ ಆ ಹೊತ್ತಿಗೆ ಅದು ಬರೀ ಮೇಜು.

ಊಟಕ್ಕೆ ಬಿಟ್ಟಾಗ ಎತ್ತಿಕೊಂಡೆ. ನಾವಿನ್ನೂ ಮಧ್ಯಾಹ್ನದಲ್ಲಿದ್ದೆವು, ವಾಚು ಸಂಜೆಯ ಕಡೆ ಓಡುತ್ತಿತ್ತು. ಕಿವಿಗೆ ಹಿಡಿದರೆ ಟಿಕ್ ಟಿಕ್ ಅಲ್ಲ, ಬೆನ್ನಟ್ಟಿಸಿಕೊಂಡ ಮೊಲದ ಎದೆಬಡಿತ. ತಮಿಳಣ್ಣ ಮೇಜನ್ನೂ ನನ್ನ ಮುಖವನ್ನೂ ನೋಡಿ, "ಮ್ಯಾಗ್ನೆಟ್ ಮೇಲೆಯಾ ವೆಚ್ಚೆ? ಪೋಚ್ಚು ತಂಬಿ," ಎಂದ. ಹೋಯಿತು ಎಂದರ್ಥ; ಮ್ಯಾಗ್ನೆಟ್ ಸೋಕಿದ ವಾಚು ಹೀಗೇ ಹುಚ್ಚೋಟ ಓಡುತ್ತದಂತೆ. ಬುತ್ತಿ ಬಿಚ್ಚಲೇ ಇಲ್ಲ.

ಮಾವ ಬರುವಷ್ಟರಲ್ಲಿ ವಾಚನ್ನು ಬೀರುವಿಗೆ ಸೇರಿಸಿದೆ. ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಕದ್ದು ಕಿವಿಗೊಟ್ಟರೆ, ಸದ್ದೇ ಇಲ್ಲ, ನಿಂತೇಹೋಗಿತ್ತು. ನನ್ನ ತಲೆಯೊಳಗೆ ಟ್ರಂಕು, ಊರಿನ ಬಸ್ಸು, ಅಪ್ಪನ ಮುಖ ಒಂದರ ಹಿಂದೊಂದು ಬಂದವು. ಅತ್ತೆ ಅಡುಗೆಮನೆಯಿಂದ ಇಣುಕಿ, "ಯಾಕ್ಲಾ, ಎದ್ದಾಗ್ನಿಂದ ಯಾರ್ ದನೀನೂ ಬತ್ತಿಲ್ಲ? ಜ್ವರವಾ?" ಎಂದರು. ನಾನು ಬೀರುವಿನ ಬಾಗಿಲು ಮುಚ್ಚಿ ಈಚೆ ಸರಿದೆ.

ಮಾವ ಬಂದು ಕೂತರು. ಒಂದೊಂದಾಗಿ ಕಿವಿಗೆ ಹಿಡಿದು, ಕೀ ಕೊಟ್ಟು ಇಡುತ್ತಾ ಬಂದರು. ನಾನು ಬೆನ್ನ ಹಿಂದೆ ನಿಂತಿದ್ದೆ. ಅವರ ಕೈ ಆ ವಾಚಿಗೆ ಹೋಯಿತು. ಅವರು ಅದನ್ನು ಕಿವಿಗೆ ಹಿಡಿದರು. ಭಯಕ್ಕೆ ಬಾಯಲ್ಲಿ ಅದೇನು ಬಂತೋ, ನಾಲಿಗೆಯನ್ನು ಅಂಗುಳಕ್ಕೆ ಮೆತ್ತಗೆ ಬಡಿಯತೊಡಗಿದೆ: ಟಿಕ್, ಟಿಕ್, ಟಿಕ್. ಮಾವ ತಿರುಗಲಿಲ್ಲ. ತಲೆಯನ್ನು ತುಸು ವಾಲಿಸಿ ಬಹಳ ಹೊತ್ತು ಕೇಳಿದರು. ನಾನು ಕಣ್ಣು ಮುಚ್ಚಿ ಬಡಿಯುತ್ತಲೇ ಇದ್ದೆ. ನಿಲ್ಲಿಸಿದರೆ ನನ್ನ ಕಥೆ ಮುಗಿಯಿತು ಎಂದು ಇನ್ನಷ್ಟು ಒತ್ತಿ ಬಡಿದೆ.

ಆಗ ಮಾವನ ದನಿ ಕೇಳಿಸಿತು. "ವಾಚ್ ಕೆಳಗಿಟ್ಟು ಆಗ್ಲೇ ಎಷ್ಟೊತ್ತಾಯ್ತು, ನೀನಿನ್ನೂ ಓಡ್ತಾನೇ ಇದ್ದೀಯಲ್ಲಾ. ಟ್ರಂಕ್ ಇಲ್ಲೇ ಬಿದ್ದಿರ್ಲಿ. ಇದನ್ನ ರಿಪೇರಿಗೆ ಎತ್ಕೊಂಡೋಗು. ಸರಿಯಾಗೋ ತನಕ ಈ ಮನೇಗೆ ಗಂಟೆ ಹೊಡ್ಯೋನು ನೀನೇ ಕಣ್ಲಾ."